ಕಲ್ಲುಹೊಟ್ಟೆ ಯಾರ ಪಾಲು

ಮೊದಲೇ ಹೇಳಿಬಿಡುತ್ತೇನೆ. ಕೋಳಿ ನಲ್ಯಾಕಾಳದು. ನಮ್ಮ ಶಾಲೆಯ ಆರನೇ ತರಗತಿಯಲ್ಲಿ ಕೋಳಿ ಸಾಕಿದ ಮಗು ಅಂತ ಇದ್ದದ್ದು ಅವಳೊಬ್ಬಳೇ. ಆದರೆ ಸರ್ಕಾರದ ಪೋರ್ಟಲ್ ತೆರೆದು ನೋಡಿ, ಬೇರೆಯದೇ ಕತೆ ಕಾಣುತ್ತದೆ. ತರಗತಿಯ ಅಷ್ಟೂ ಮಕ್ಕಳು ಒಂದೊಂದು ಕೋಳಿ ಹಿಡಿದು ನಗುತ್ತಾ ನಿಂತಿದ್ದಾರೆ. ಅಷ್ಟೂ ಕೋಳಿಗಳಿಗೆ ಕತ್ತಿನಲ್ಲಿ ಪುಕ್ಕವಿಲ್ಲ. ಅಷ್ಟೂ ಕೋಳಿಗಳಿಗೆ ಎಡಗಾಲಿನ ಒಂದು ಬೆರಳು ಮುರಿದಿದೆ. ಇಂಥ ಪವಾಡ ನಮ್ಮ ಬುಂಗೋಮಾ ಸೀಮೆಯಲ್ಲಿ ಮಾತ್ರ ನಡೆಯುತ್ತದೆ.

ನಲ್ಯಾಕಾಳ ಫೋಟೋದಲ್ಲಿರುವ ಕೋಳಿ ಮಾತ್ರ ಬೇರೆ. ಅದರ ಕತ್ತಿನ ತುಂಬಾ ಪುಕ್ಕವಿದೆ. ಅದು ಅವಳು ಸಾಕಿದ್ದಲ್ಲ. ಹೀಗೆ ಹೇಗಾಯಿತು ಅಂತ ಹೇಳುತ್ತೇನೆ ಕೇಳಿ.

ನನ್ನ ಹೆಸರು ಕಾನ್ಸೆಪ್ಟಾ. ನಾನು ಆ ಶಾಲೆಯಲ್ಲಿ ಟೀಚರಾಗಿದ್ದೆ. ಹಾಗಂತ ಮಕ್ಕಳು ಹೇಳುತ್ತಿದ್ದರು, ಮಕ್ಕಳ ತಾಯಂದಿರು ಹೇಳುತ್ತಿದ್ದರು. ಸರ್ಕಾರ ಹೇಳುತ್ತಿರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ನಾನು ಹುಟ್ಟಿಯೇ ಇರಲಿಲ್ಲ. ನನ್ನನ್ನು ಇಟ್ಟುಕೊಂಡದ್ದು ಶಾಲಾ ಸಮಿತಿ, ಸಂಬಳ ಕೊಡುತ್ತಿದ್ದದ್ದು ಮಕ್ಕಳ ಮನೆಯವರು, ಅಂದರೆ ಕಬ್ಬು ಕಡಿಯುವವರು. ಮಿಲ್ಲು ಅವರಿಗೆ ಕೂಲಿ ಕೊಟ್ಟ ತಿಂಗಳು ನನಗೂ ಸಂಬಳ. ಕೊಡದ ತಿಂಗಳು ಒಂದು ಡಬ್ಬ ಜೋಳ, ಒಂದು ಚಿಪ್ಪು ಬಾಳೆಕಾಯಿ, ಮತ್ತೆ ಸಿಕ್ಕಾಪಟ್ಟೆ ಮರ್ಯಾದೆ.

ಮರ್ಯಾದೆ ಬೇಯಿಸಿ ತಿನ್ನಲು ಬರುವುದಿಲ್ಲ. ಅದಕ್ಕೇ ಶನಿವಾರ ನಾನೂ ಕಬ್ಬು ಕಡಿಯಲು ಹೋಗುತ್ತಿದ್ದೆ. ಸುಟ್ಟ ಕಬ್ಬಿನ ಮಸಿ ಮೂಗಿನೊಳಗೆ ಕೂರುತ್ತಿತ್ತು. ಬಗ್ಗಿದ ಸೊಂಟ ಸಂಜೆಯವರೆಗೆ ನೆಟ್ಟಗಾಗುತ್ತಿರಲಿಲ್ಲ. ಸೋಗೆಯ ಅಂಚು ಮುಂಗೈ ಸೀಳುತ್ತಿತ್ತು. ಸೋಮವಾರ ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣದ ಪುಡಿ ಆ ಗಾಯಕ್ಕಿಳಿದು ಉರಿಯುತ್ತಿತ್ತು. ಕಾಯಂ ಮೇಷ್ಟ್ರುಗಳು ಸ್ಟಾಫ್‌ರೂಮಿನಲ್ಲಿ ಕುಳಿತು ಟೀ ಕುಡಿಯುವಾಗ ಆ ಟೀ ಕಾಸಿದವಳೂ ನಾನೇ. ಕುರ್ಚಿಗಳು ಕಾಯಂ ನೌಕರರಷ್ಟೇ ಇದ್ದವು. ನಾನು ಬಾಗಿಲಿಗೊರಗಿ ನಿಂತು ಕುಡಿಯುತ್ತಿದ್ದೆ.

ಹೀಗಿರುವಾಗ ಸಾಮರ್ಥ್ಯಾಧಾರಿತ ಪಠ್ಯಕ್ರಮ ಬಂತು.

ಹೆಸರು ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತದೆ ನಿಜ, ಆದರೆ ಬಂದದ್ದು ದೊಡ್ಡ ಬದಲಾವಣೆಯೇ. ವಿದ್ಯಾರ್ಥಿ ಅನ್ನಬಾರದು, ಕಲಿಕಾರ್ಥಿ ಅನ್ನಬೇಕು. ಟೀಚರ್ ಅನ್ನಬಾರದು, ಸುಗಮಕಾರ ಅನ್ನಬೇಕು. ಪಾಸು ಫೇಲು ಅನ್ನುವ ಕ್ರೂರ ಮಾತುಗಳಿಗೆ ತಿಥಿ ಮಾಡಿ, ಅವುಗಳ ಜಾಗದಲ್ಲಿ ಕರುಣಾಮಯಿ ಮೆಟ್ಟಿಲುಗಳನ್ನು ಇಟ್ಟರು. ನಿರೀಕ್ಷೆ ಮೀರಿದೆ. ನಿರೀಕ್ಷೆ ತಲುಪಿದೆ. ನಿರೀಕ್ಷೆಯ ಹತ್ತಿರವಿದೆ. ನಿರೀಕ್ಷೆಗಿಂತ ಕೆಳಗಿದೆ. ಯಾರ ನಿರೀಕ್ಷೆ ಅಂತ ಎಲ್ಲೂ ಬರೆದಿರಲಿಲ್ಲ.

ಇದನ್ನು ಕಲಿಸಲು ಮೇಷ್ಟ್ರುಗಳಿಗೆ ಪೇಟೆಯ ಹೋಟೆಲಿನಲ್ಲಿ ತರಬೇತಿ ಇಟ್ಟರು. ಆರನೇ ತರಗತಿಗೆ ಪಾಠ ಮಾಡುವವಳು ನಾನು. ಪಟ್ಟಿಯಲ್ಲಿ ಆರನೇ ತರಗತಿ ಇದ್ದದ್ದು ಹೆಡ್ಮೇಷ್ಟ್ರು ಲುಸ್ವೇತಿಯವರ ಹೆಸರಿನಲ್ಲಿ. ಹೋದವರು ಅವರು. ಬರುವಾಗ ಒಂದು ಬ್ಯಾಗು, ಒಂದು ಪೆನ್ನು, ಮತ್ತೆ ಏಸಿ ಗಾಳಿಗೆ ಹಿಡಿದ ಕೆಮ್ಮು ತಂದರು. ದಪ್ಪ ಪುಸ್ತಕವನ್ನು ನನ್ನ ಕೈಗಿಟ್ಟು, "ಕಾನ್ಸೆಪ್ಟಾ, ಇದನ್ನ ಒಂಚೂರು ಓದಿ ನಂಗೆ ಹೇಳಮ್ಮ, ಕಣ್ಣು ಸರಿ ಇಲ್ಲ" ಅಂದರು. ತರಬೇತಿ ಪಡೆದವರಿಗೆ ತರಬೇತಿ ಪಡೆಯದವಳು ತರಬೇತಿ ಕೊಟ್ಟೆ.

ಸುಳ್ಳೇಕೆ ಹೇಳಲಿ, ಪುಸ್ತಕ ನನಗೆ ಹಿಡಿಸಿತ್ತು. ಮಕ್ಕಳು ಬಾಯಿಪಾಠ ಮಾಡುವುದು ಬೇಡ, ಕೈಯಿಂದ ಮಾಡಿ ಕಲಿಯಲಿ ಅಂತ ಅದರಲ್ಲಿತ್ತು. ಓದುತ್ತಾ ನನಗೆ ನಗು ಬಂತು, ಸಂಕಟವೂ ಆಯಿತು. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಮಾಡುತ್ತಲೇ ಇದ್ದಾರೆ. ನೀರು ಹೊರುತ್ತಾರೆ, ಕಳೆ ಕೀಳುತ್ತಾರೆ, ತಮ್ಮಂದಿರನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಾರೆ. ಅದಕ್ಕೆಲ್ಲ ಅಂಕ ಸಿಗುತ್ತದೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಅಂಕ ಸಿಗುವುದು ಬೇರೆ ಕೆಲಸಗಳಿಗೆ ಅಂತ ಆಮೇಲೆ ತಿಳಿಯಿತು. ಬಣ್ಣದ ಕಾಗದ ತನ್ನಿ. ಅಂಟು ತನ್ನಿ. ಚಿತ್ರ ಪ್ರಿಂಟು ಹಾಕಿಸಿ ತನ್ನಿ. ಕಂಪ್ಯೂಟರ್ ಕಲಿಕೆ ಅಂತ ಒಂದು ಪಾಠವಿತ್ತು. ಶಾಲೆಗೆ ಕೊಟ್ಟ ಕಂಪ್ಯೂಟರು ಹೆಡ್ಮೇಷ್ಟ್ರ ಬೀರುವಿನಲ್ಲಿ ಬೀಗ ಹಾಕಿಕೊಂಡು ಮಲಗಿತ್ತು, ಹೊರಗೆ ತಂದರೆ ಧೂಳಾಗುತ್ತದಂತೆ. ನಾನು ರಟ್ಟಿನ ಮೇಲೆ ಕೀಲಿಮಣೆ ಬರೆದೆ. ಮಕ್ಕಳು ಶ್ರದ್ಧೆಯಿಂದ ರಟ್ಟು ಒತ್ತಿ, ತಲೆಯೆತ್ತಿ ಪರದೆ ನೋಡುತ್ತಿದ್ದರು. ಪರದೆಯೂ ರಟ್ಟೇ.

ಇದೆಲ್ಲದರ ಪುರಾವೆ ಪೋರ್ಟಲ್‌ಗೆ ಏರಬೇಕಿತ್ತು. ಖಾತೆ ಹೆಡ್ಮೇಷ್ಟ್ರದು. ಅವರ ಫೋನು ಮಾತಾಡಲು ಮಾತ್ರ ಆಗುತ್ತಿತ್ತು. "ನಿನ್ನ ನಂಬರೇ ಹಾಕಮ್ಮ, ನಂಗೆ ಆ ತಲೆನೋವೆಲ್ಲ ಬೇಡ" ಅಂದರು. ಹೀಗೆ ಸರ್ಕಾರದ ಲೆಕ್ಕದಲ್ಲಿ ಇಲ್ಲದ ನನ್ನ ಫೋನಿಗೆ ಪ್ರತಿ ಸಲ ಸರ್ಕಾರವೇ ಖುದ್ದಾಗಿ ಪೋರ್ಟಲ್ ತೆರೆಯುವ ಕೋಡು ಕಳಿಸುತ್ತಿತ್ತು. ಇಡೀ ಶಾಲೆಯ ಅಂಕ ಏರಿಸುತ್ತಿದ್ದವಳು ನಾನು. ಪ್ರತಿಫಲವಾಗಿ ಹೆಡ್ಮೇಷ್ಟ್ರು ಒಂದು ಮಾತು ಕೊಟ್ಟಿದ್ದರು. ಆರನೇ ತರಗತಿಯ ಪರಿಶೀಲನೆ ಮುಗಿದ ಮೇಲೆ ನನ್ನ ಕಾಯಮಾತಿಗೆ ಶಿಫಾರಸು ಬರೆಯುತ್ತಾರಂತೆ. ಹಿಂದಿನ ವರ್ಷವೂ ಅದೇ ಮಾತು ಕೊಟ್ಟಿದ್ದರು.

ಲುಸ್ವೇತಿಯವರ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವರ ತಲೆ ಪೂರ್ತಿ ಬೋಳು, ಆದರೆ ಅವರ ಜೀವವಿದ್ದದ್ದು ಕಾಲಿನಲ್ಲಿ. ಲೇಸಿನ ಕಪ್ಪು ಶೂ. ನಮ್ಮ ಕೆಂಪು ಕೆಸರಿನಲ್ಲೂ ಅದು ಮಿಂಚಬೇಕು. ದಿನಕ್ಕೊಬ್ಬ ಮಗು ಪ್ರಾರ್ಥನೆಗೆ ಮೊದಲು ಅದನ್ನು ಒರೆಸುತ್ತಿತ್ತು. ಅದಕ್ಕೂ ಒಂದು ಸಾಮರ್ಥ್ಯದ ಹೆಸರು ಕೊಟ್ಟಿದ್ದರು, ಸೇವಾ ಮನೋಭಾವ.

ಆರನೇ ತರಗತಿಯ ದೊಡ್ಡ ಚಟುವಟಿಕೆ ಇದು: ಕಲಿಕಾರ್ಥಿಯು ಒಂದು ಚಿಕ್ಕ ಪ್ರಾಣಿಯನ್ನು ಸಾಕಬೇಕು, ಫೋಟೋ ಸಮೇತ ತೋರಿಸಬೇಕು. ನಾವು ಕೋಳಿ ಅಂತ ಗೊತ್ತುಮಾಡಿಕೊಂಡೆವು. ಆ ವರ್ಷವೇ ಕೋಳಿರೋಗ ಬಂತು. ಗೂಡುಗಳೆಲ್ಲ ಬರಿದಾದವು. ಪೋರ್ಟಲ್‌ನಲ್ಲಿ ಕೋಳಿರೋಗಕ್ಕೆ ಜಾಗವಿರಲಿಲ್ಲ.

ಉಳಿದದ್ದು ನಲ್ಯಾಕಾಳ ಒಂದು ಹೇಂಟೆ. ಬೋಳುಕತ್ತಿನ ಜಾತಿ. ರೋಗ ಬಂದಾಗ ಅವಳು ಅದನ್ನು ಬೇರೆ ಕೋಳಿಗಳಿಂದ ದೂರಮಾಡಿ ಗುಡಿಸಲೊಳಗೆ ತನ್ನ ಹಾಸಿಗೆಯ ಕಾಲಿಗೆ ಕಟ್ಟಿಕೊಂಡಿದ್ದಳು. ಶಾಲೆ ಬಿಟ್ಟ ಮೇಲೆ ಹುತ್ತ ಅಗೆದು ಗೆದ್ದಲು ತಂದು ತಿನ್ನಿಸುತ್ತಿದ್ದಳು. ಅದಕ್ಕೆ ಚೀಫ್ ಅಂತ ಹೆಸರಿಟ್ಟಿದ್ದಳು, ಊರಿನ ಅಧಿಕಾರಿ ಚೀಫ್ ಹಾಗೆ ಎದೆ ಮುಂದೆ ಮಾಡಿಕೊಂಡು ಏನೂ ಕೆಲಸವಿಲ್ಲದೆ ತಿರುಗುತ್ತದೆ ಅಂತ.

ಅವಳ ತಾಯಿ ಸೆಲೀನಾ ಕಬ್ಬು ಕಡಿಯುವವಳು. ಶನಿವಾರ ನನ್ನ ಪಕ್ಕದ ಸಾಲು ಅವಳದು. ಅವಳಿಗೆ ಮಗಳ ಬಗ್ಗೆ ಇದ್ದದ್ದು ಒಂದೇ ಆಸೆ. ಹೊಳೆಯಾಚೆ ಮಿಷನ್ನಿನ ಹೆಣ್ಣುಮಕ್ಕಳ ವಸತಿಶಾಲೆ ಇದೆ. ಬಡವರ ಮಕ್ಕಳಿಗೆ ಅಲ್ಲಿ ಏಳನೇ ತರಗತಿಯಿಂದ ಪುಕ್ಕಟೆ ಸೀಟು. ಎಲ್ಲ ಚಟುವಟಿಕೆಗಳಲ್ಲೂ ಕನಿಷ್ಠ ನಿರೀಕ್ಷೆ ತಲುಪಿರಬೇಕು, ಅಷ್ಟೇ ಷರತ್ತು. ಸೆಲೀನಾ ಆ ಶಾಲೆಯ ಪಾಠದ ಬಗ್ಗೆ ಕೇಳಿರಲಿಲ್ಲ, ಊಟದ ಬಗ್ಗೆ ಕೇಳಿರಲಿಲ್ಲ. "ಅಲ್ಲಿ ಮಲಗೋ ಕೋಣೇಲಿ ಸಿಮೆಂಟು ನೆಲ ಐತಂತೆ, ಹೌದಾ ಟೀಚರಮ್ಮ" ಅಂತ ಅದೊಂದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು.

ಯಾಕೆಂದರೆ ನಲ್ಯಾಕಾಳ ಕಾಲಿನಲ್ಲಿ ಚಿಗಟವಿತ್ತು. ಗುಡಿಸಲಿನ ಮಣ್ಣುನೆಲದ ಧೂಳಿನಲ್ಲಿರುವ ಚಿಗಟ. ಕಾಲ್ಬೆರಳ ಚರ್ಮದೊಳಕ್ಕೆ ಕೊರೆದು ಹೊಕ್ಕು, ಮೊಟ್ಟೆ ತುಂಬಿಕೊಂಡು ಊದುತ್ತದೆ. ಸೂಜಿಯಲ್ಲಿ ಕಿತ್ತರೆ ಮತ್ತೆ ಬರುತ್ತದೆ, ನೆಲ ಅದೇ ತಾನೇ. ಅವಳು ಹಿಮ್ಮಡಿಯ ಮೇಲೆ ನಡೆಯುತ್ತಿದ್ದಳು. ಅವಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಅವಳು ತುಳಿದ ಜಾಗ ದಾಟಿ ಕಾಲಿಡುತ್ತಿದ್ದರು. ಚಿಗಟ ಇರುವ ಮನೆಯವರು ಗಲೀಜು ಜನ ಅಂತ ಊರು ತೀರ್ಮಾನಿಸಿತ್ತು. ತೀರ್ಮಾನಿಸಿದವರ ಮನೆಗಳಲ್ಲಿ ಸಿಮೆಂಟು ನೆಲವಿತ್ತು.

ಫೋಟೋ ತೆಗೆಯುವ ದಿನ ಹೆಡ್ಮೇಷ್ಟ್ರು ಇಡೀ ಸಮಸ್ಯೆಯನ್ನು ಒಂದೇ ಏಟಿಗೆ ಬಗೆಹರಿಸಿದರು. ಚೀಫ್‌ನನ್ನು ತರಿಸಿದರು. ಒಬ್ಬರಾದ ಮೇಲೆ ಒಬ್ಬರು ಹಿಡಿದು ನಿಲ್ಲಿ ಅಂದರು. ಅದು ಬೇರೆಯವರ ಕೈಯಲ್ಲಿ ರೆಕ್ಕೆ ಬಡಿಯಿತು, ಕುಕ್ಕಿತು. ಹಾಗಾಗಿ ನಲ್ಯಾಕಾ ಪ್ರತಿ ಮಗುವಿನ ಪಕ್ಕದಲ್ಲಿ, ಫೋಟೋಗೆ ಬೀಳದ ಹಾಗೆ, ಕುಕ್ಕರಗಾಲಿನಲ್ಲಿ ಕೂತು ಕೋಳಿಯ ಕಾಲು ಸವರುತ್ತಾ ಸಮಾಧಾನ ಮಾಡಬೇಕಾಯಿತು. ಶೂ ಇಲ್ಲದ ಮಕ್ಕಳಿಗೆ ಶೂ ಇದ್ದವರು ಎರವಲು ಕೊಟ್ಟರು, ಯಾಕೆಂದರೆ ಸಮವಸ್ತ್ರ, ಶೂ ಸಮೇತ ಇದ್ದರೆ ಮಾತ್ರ ಫೋಟೋ ಅಂತ ಹೆಡ್ಮೇಷ್ಟ್ರ ಕಟ್ಟಪ್ಪಣೆ. ಕೊನೆಗೆ ನಲ್ಯಾಕಾಳ ಸರದಿ ಬಂತು. ಒಬ್ಬರೂ ಶೂ ಬಿಚ್ಚಲಿಲ್ಲ.

"ಬಿಡು, ಬರಿಗಾಲಲ್ಲಿ ನಿಂತ್ರೆ ಪೋರ್ಟಲ್ ತಗೊಳಲ್ಲ" ಅಂದರು ಹೆಡ್ಮೇಷ್ಟ್ರು.

ಪೋರ್ಟಲ್ ಕೇಳುವುದು ಮುಖ ಮಾತ್ರ, ಅದಕ್ಕೆ ಕಾಲು ನೋಡುವ ಚಟವಿಲ್ಲ ಅಂತ ನಾನು ಹೇಳಿದೆ. ಶಾಲೆಗೊಂದು ಮರ್ಯಾದೆ ಇದೆ ಅಂತ ಅವರು ಹೇಳಿದರು. ಆಮೇಲೆ ನೋಡೋಣ ಅಂತಲೂ ಹೇಳಿದರು. ಆ ಆಮೇಲೆ ಬರಲಿಲ್ಲ. ಬಂದದ್ದು ಪರಿಶೀಲನೆಯ ದಿನ.

ಪರಿಶೀಲನಾಧಿಕಾರಿ ಮುಖ್ವಾನಾ ಸಾಹೇಬರು ಬರುತ್ತಾರೆ ಅಂದರೆ ಊಟವಿಡಬೇಕು. ಊಟ ಅಂದರೆ ಕೋಳಿ. ಕೋಳಿ ಅಂದರೆ ಆ ಊರಿನಲ್ಲಿ ಚೀಫ್. ಹೆಡ್ಮೇಷ್ಟ್ರು ಸೆಲೀನಾಳನ್ನು ಕರೆಸಿ, ಶಾಲೆಯ ಕೆಲಸಕ್ಕೆ ಕೊಡಮ್ಮ, ನಿನ್ನ ಮಗಳ ಅಂಕ ನಾನು ನೋಡಿಕೊಳ್ಳುತ್ತೇನೆ ಅಂದಿದ್ದರು. ಅವಳು ಕೊಟ್ಟಳು. ಸಿಮೆಂಟು ನೆಲಕ್ಕೆ ಅವಳು ತನ್ನ ಕೈಬೆರಳನ್ನೂ ಕೊಡುತ್ತಿದ್ದಳು.

ಶಾಲೆಯ ಹಿಂದಿನ ಅಡುಗೆ ಚಪ್ಪರದಲ್ಲಿ ಒಲೆ ಹಚ್ಚಿದೆ. ಪಾತ್ರೆ ನನ್ನದೇ, ಮನೆಯಿಂದ ಹೊತ್ತು ತಂದದ್ದು. ಕಲಿಕಾರ್ಥಿಗಳೇ ಅಡುಗೆ ಮಾಡಿದರು ಅಂತ ವರದಿಯಲ್ಲಿ ಬರಬೇಕಿತ್ತು, ಹಾಗಾಗಿ ಹೊಗೆ ಕುಡಿದವಳು ನಾನು. ಕೋಳಿಯನ್ನು ಹಿಡಿಯಲು ಯಾರಿಂದಲೂ ಆಗಲಿಲ್ಲ. ನಲ್ಯಾಕಾ ಹೆಸರು ಹಿಡಿದು ಕರೆದಳು, ಅದು ಬಂತು. ಕೊಯ್ದಾದ ಮೇಲೆ ಪುಕ್ಕ ಕಿತ್ತವಳೂ ಅವಳೇ. ಅಳಲಿಲ್ಲ. ಕತ್ತಿನ ಹತ್ತಿರ ಬಂದಾಗ, "ಇಲ್ಲಿ ಕೆಲಸ ಕಮ್ಮಿ ಟೀಚರ್" ಅಂದಳು.

ನಾನು ಕೋಳಿ ಸೀಳಿ ಕಲ್ಲುಹೊಟ್ಟೆ ತೆಗೆದೆ. ಕೋಳಿ ನುಂಗಿದ ಕಾಳನ್ನು ಅರೆಯುವ ಗಟ್ಟಿ ಮಾಂಸದ ಚೀಲ ಅದು. ಎರಡು ಹೋಳು ಮಾಡಿ ಒಳಗಿನ ಹಳದಿ ಸಿಪ್ಪೆ ಸುಲಿದೆ. ಅದರೊಳಗೆ ಮರಳು ಮತ್ತು ಬೆಳಿಗ್ಗೆ ತಿನ್ನಿಸಿದ ಗೆದ್ದಲಿನ ತಲೆಗಳಿದ್ದವು. ತೊಳೆದು ಉಪ್ಪು ಹಚ್ಚಿ ಜೋಪಾನವಾಗಿ ಪಾತ್ರೆಗೆ ಹಾಕಿದೆ.

ಜೋಪಾನ ಯಾಕೆಂದರೆ, ನಮ್ಮಲ್ಲಿ ಕಲ್ಲುಹೊಟ್ಟೆ ಗಂಡಸಿನ ಪಾಲು. ಮನೆಯಲ್ಲಿ ಯಜಮಾನನಿಗೆ, ಅತಿಥಿ ಬಂದರೆ ಅತಿಥಿಗೆ. ಹೆಂಗಸು ಕೋಳಿ ಸಾಕಬಹುದು, ಕೊಯ್ಯಬಹುದು, ಬೇಯಿಸಬಹುದು, ಆ ಒಂದು ತುಂಡು ಬಾಯಿಗಿಡುವ ಹಾಗಿಲ್ಲ. ತಟ್ಟೆಯಲ್ಲಿ ಅದು ಕಾಣದಿದ್ದರೆ, ನೀನು ಈ ಮನೆಗೆ ಯಾರೂ ಅಲ್ಲ ಅಂತ ಅತಿಥಿಯ ಮುಖಕ್ಕೇ ಹೇಳಿದ ಹಾಗೆ. ನನ್ನ ಸೋದರತ್ತೆ ಮದುವೆಯಾದ ಹೊಸದರಲ್ಲಿ ಅದನ್ನು ತೊಳೆಯುವಾಗ ಕೈಜಾರಿ ಬಿದ್ದದ್ದನ್ನು ನಾಯಿ ಕಚ್ಚಿಕೊಂಡು ಹೋಯಿತು. ಇನ್ನೊಂದು ಕೋಳಿ ತರುವವರೆಗೆ ಈ ಕಡೆ ತಲೆ ಹಾಕಬೇಡ ಅಂತ ಅವಳನ್ನು ತವರಿಗೆ ಅಟ್ಟಿದರು. ನಾಯಿಗೆ ಯಾರೂ ಏನೂ ಅನ್ನಲಿಲ್ಲ, ಅದು ಗಂಡುನಾಯಿಯಂತೆ.

ಸಾರು ಕುದಿಯುವಾಗ ಹೆಡ್ಮೇಷ್ಟ್ರು ಚಪ್ಪರಕ್ಕೆ ಬಂದರು. ಮಿಂಚುವ ಶೂ ಬೂದಿಗೆ ತಾಗದ ಹಾಗೆ ದೂರವೇ ನಿಂತರು.

"ಆ ಹುಡುಗಿ ಸಾಹೇಬ್ರ ಕಣ್ಣಿಗೆ ಬೀಳ್ದೇ ಇರ್ಲಿ. ಇಲ್ಲೇ ಹಿಂದೆ ಕೂರ್ಸು. ಆಮೇಲೆ ಅವಳದ್ದು ನಿರೀಕ್ಷೆಗಿಂತ ಕೆಳಗೆ ಅಂತ ಹಾಕ್ಬಿಡು. ಫೋಟೋ ಇಲ್ವಲ್ಲ."

"ಕೋಳಿ ಸಾಕಿದ್ದು ಅವಳೊಬ್ಳೇ ಸರ್."

"ಗೊತ್ತಮ್ಮ. ಆದ್ರೆ ಸಾಕ್ಷಿ ಬೇಕಲ್ಲ."

"ಸಾಕ್ಷಿ ಬೇಯ್ತಾ ಇದೆ ಸರ್. ಇನ್ನೊಂದು ಕುದಿ ಬರ್ಬೇಕು."

ಅವರಿಗೆ ಸಿಟ್ಟು ಬಂತು. ನನ್ನ ಶಿಫಾರಸು ಪತ್ರ ಇವತ್ತು ಸಾಹೇಬರ ಮುಂದೆ ಇಡುವವರಿದ್ದರಂತೆ. ನಾನು ಬಾಯಿ ಅದುಮಿಕೊಂಡಿದ್ದರೆ ಅದು ಆಗುತ್ತದಂತೆ. ನನ್ನ ಹಿಂದೆ, ಸೌದೆಯ ರಾಶಿಯ ಪಕ್ಕ, ನಲ್ಯಾಕಾ ಕಾಲುಗಳನ್ನು ಲಂಗದೊಳಗೆ ಎಳೆದುಕೊಂಡು ಕೂತಿದ್ದಳು. ಎಲ್ಲವೂ ಕೇಳಿಸಿತ್ತು.

ಮುಖ್ವಾನಾ ಸಾಹೇಬರು ಬಂದರು. ನಾನು ಬೋಗುಣಿ ಮತ್ತು ಹೂಜಿ ಹಿಡಿದು ಒಳಗೆ ಹೋಗಿ, ಮೊಣಕಾಲೂರಿ ಅವರ ಕೈಗೆ ನೀರು ಹಾಕಿದೆ. ಅದು ಪದ್ಧತಿ, ಅದಕ್ಕೆ ನನ್ನ ತಕರಾರಿಲ್ಲ. ಅವರು ಕೈ ತೊಳೆಯುತ್ತಾ ನನ್ನ ತಲೆಯ ಮೇಲಿಂದ ಹೆಡ್ಮೇಷ್ಟ್ರ ಜೊತೆ ಸುಗಮಕಾರರ ಘನತೆಯ ಬಗ್ಗೆ ಮಾತಾಡಿದರು. ಆಮೇಲೆ ನನ್ನ ಫೋನು ತೆಗೆದುಕೊಂಡು ಫೋಟೋಗಳನ್ನು ಸರಿಸುತ್ತಾ ಹೋದರು. ಬೋಳುಕತ್ತು, ಬೋಳುಕತ್ತು, ಬೋಳುಕತ್ತು. ನನಗಂತೂ, ಸಿಕ್ಕಿಬಿದ್ದರೆ ಸಿಕ್ಕಿಬೀಳಲಿ, ಯಾರಾದರೂ ಒಬ್ಬರು ಕೇಳಲಿ ಅನ್ನಿಸಿತ್ತು.

"ಭಾರಿ ಒಳ್ಳೇ ತಳಿ ಕಣ್ರೀ ಲುಸ್ವೇತಿ" ಅಂದರು ಸಾಹೇಬರು. "ಎಲ್ಲಾ ಒಂದೇ ಥರ."

ಇಬ್ಬರೂ ನಕ್ಕರು. ಚೆನ್ನಾಗಿಯೇ ನಕ್ಕರು. ಅಂದರೆ ಗೊತ್ತಿತ್ತು. ಎಲ್ಲ ಶಾಲೆಗಳಲ್ಲೂ ಹೀಗೇ ನೋಡಿ, ಹೀಗೇ ನಕ್ಕು, ಹೀಗೇ ಊಟ ಮಾಡಿ ಬಂದಿದ್ದರು. ಆ ಇಡೀ ಜಿಲ್ಲೆಯಲ್ಲಿ ಗೊತ್ತಿಲ್ಲದಿದ್ದದ್ದು ನನಗೊಬ್ಬಳಿಗೆ. ನಾನು ದಪ್ಪ ಪುಸ್ತಕ ಓದಿದ್ದೆನಲ್ಲ.

ಚಪ್ಪರಕ್ಕೆ ವಾಪಸು ಬಂದೆ. ಸೌಟು ಹಾಕಿ ಕಲ್ಲುಹೊಟ್ಟೆಯ ಎರಡೂ ಹೋಳು ಎತ್ತಿ ಬಾಳೆಲೆಯ ಮೇಲಿಟ್ಟು ನಲ್ಯಾಕಾಳ ಮುಂದೆ ಸರಿಸಿದೆ.

"ತಿನ್ನು."

ಅವಳು ಎಲೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅದು ದೊಡ್ಡೋರ್ದು ಟೀಚರ್."

"ಕೋಳಿ ಯಾರ್ದು?"

"ನಂದು."

"ಹಂಗಾದ್ರೆ ಇದೂ ನಿಂದೇ. ತಿನ್ನು."

ಅವಳು ಒಂದು ಹೋಳು ಬಾಯಿಗಿಟ್ಟಳು. ತುಂಬಾ ಹೊತ್ತು ಅಗಿದಳು. ಇನ್ನೊಂದನ್ನು ನನ್ನ ಕಡೆ ತಳ್ಳಿದಳು. "ಬೇಯಿಸ್ದೋರು ನೀವು" ಅಂದಳು. ನಾನೂ ತಿಂದೆ. ಮಕ್ಕಳನ್ನು ಹೆತ್ತು, ತಲೆಗೂದಲು ಬೆಳ್ಳಗಾಗುವವರೆಗೆ ಬದುಕಿದವಳು ಮೊದಲ ಸಲ ಅದನ್ನು ತಿಂದೆ. ರುಚಿ ಏನೇನೂ ವಿಶೇಷವಿಲ್ಲ. ರಬ್ಬರಿನ ಹಾಗಿದೆ. ಇದಕ್ಕಾಗಿಯೇ ನಮ್ಮ ಗಂಡಸರು ಇಷ್ಟು ತಲೆಮಾರು ಕಾವಲು ಕಾದರೇ ಅಂತ ಅವರ ಮೇಲೆ ಕನಿಕರವೇ ಬಂತು.

ಉಗಾಲಿ ಮುದ್ದೆ ಮತ್ತು ಕೋಳಿ ಸಾರು ಒಳಗೆ ಹೋಯಿತು. ಸಾಹೇಬರು ಸೌಟಿನಿಂದ ಒಂದು ಸುತ್ತು ಕೆದಕಿದರು. ಇನ್ನೊಂದು ಸುತ್ತು ಕೆದಕಿದರು. ಕಾಲು ಎತ್ತಿ ಕೆಳಗೆ ನೋಡಿದರು, ರೆಕ್ಕೆ ಎತ್ತಿ ಕೆಳಗೆ ನೋಡಿದರು. ಫೋಟೋಗಳನ್ನು ಅಷ್ಟು ಶ್ರದ್ಧೆಯಿಂದ ಪರಿಶೀಲಿಸಿರಲಿಲ್ಲ. ಹೆಡ್ಮೇಷ್ಟ್ರ ಬೋಳುತಲೆಯ ಮೇಲೆ ಬೆವರು ಮೂಡಿತು.

"ಇನ್ನೊಂದು ಬಟ್ಟಲು ಒಳಗಿದ್ಯೇನಮ್ಮ?" ಸಾಹೇಬರು ಕೇಳಿದರು. ಮೊದಲ ಸಲ ನನ್ನ ಮುಖ ನೋಡಿದ್ದರು.

"ಇಲ್ಲ ಸರ್. ಇಷ್ಟೇ."

"ಕಲ್ಲುಹೊಟ್ಟೆ?"

"ಕೋಳಿ ಸಾಕಿದೋಳು ತಿಂದ್ಲು ಸರ್."

ಸಾಹೇಬರು ಎದ್ದು ನಿಂತರು. ಆಮೇಲೆ ಅವರು ಮಾಡಿದ ಭಾಷಣ ನನಗೆ ಬಾಯಿಪಾಠವಾಗಿದೆ. ಪ್ರಾಮಾಣಿಕತೆ ಈ ಪಠ್ಯಕ್ರಮದ ಜೀವಾಳ ಅಂದರು. ಮಕ್ಕಳ ಕಣ್ಣೆದುರು ಇಂಥ ಕಳ್ಳತನ ನಡೆದರೆ ದೇಶದ ಗತಿಯೇನು ಅಂದರು. ತಮ್ಮ ಇಡೀ ಸೇವೆಯಲ್ಲಿ ಇಷ್ಟು ದೊಡ್ಡ ಅಕ್ರಮ ಕಂಡಿಲ್ಲ ಅಂದರು. ಒಂದೇ ಕೋಳಿಗೆ ನಲವತ್ತು ಚಿಲ್ಲರೆ ಒಡೆಯರಿದ್ದದ್ದು ಅವರಿಗೆ ಅಕ್ರಮವಾಗಿ ಕಂಡಿರಲಿಲ್ಲ. ನಾಳೆ ಮಧ್ಯಾಹ್ನದೊಳಗೆ ಎಲ್ಲ ಮಕ್ಕಳ ದಾಖಲೆ ಏರಿರಬೇಕು, ಒಬ್ಬರದ್ದು ತಪ್ಪಿದರೂ ಮೇಲಕ್ಕೆ ಬರೆಯುತ್ತೇನೆ ಅಂತ ಹೆಡ್ಮೇಷ್ಟ್ರಿಗೆ ಹೇಳಿ, ತುತ್ತು ಮುಟ್ಟದೆ ಹೊರಟೇಹೋದರು.

ಸಾರು ಉಳಿಯಿತು. ಮಕ್ಕಳಿಗೆ ಹಂಚಿದೆ. ತಲೆಗೊಂದು ಚೂರು, ಬೆರಳು ಅದ್ದುವಷ್ಟು ರಸ. ಅಡುಗೆ ಮಾಡಿ ಹಂಚಿ ತಿನ್ನುವುದು ಅಂತ ಪುಸ್ತಕದಲ್ಲಿ ಒಂದು ಸಾಮರ್ಥ್ಯವಿದೆ. ನಮ್ಮ ಶಾಲೆಯಲ್ಲಿ ನಿಜವಾಗಿ ನಡೆದದ್ದು ಅದೊಂದೇ.

ಹೆಡ್ಮೇಷ್ಟ್ರು ನನ್ನ ಮುಂದೆಯೇ ಶಿಫಾರಸು ಪತ್ರ ಹರಿದರು. ಅದು ನಿಜವಾಗಿಯೂ ಇತ್ತು ಅಂತ ನನಗೆ ಗೊತ್ತಾದದ್ದೇ ಆಗ. "ನಾಳೆಯಿಂದ ಈ ಕಡೆ ಬರ್ಬೇಡ" ಅಂದರು. ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದೆ. ಪಟ್ಟಿಯಲ್ಲಿ ಇಲ್ಲದವಳನ್ನು ತೆಗೆದುಹಾಕಲು ಯಾವ ಕಾಗದವೂ ಇಲ್ಲ ಅಂದರು. ಅದು ನ್ಯಾಯವಾದ ಮಾತೇ. ನಾನು ನನ್ನ ಪಾತ್ರೆ ತೊಳೆದು ಹೊತ್ತುಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಕಬ್ಬಿನ ಗದ್ದೆಯಲ್ಲಿದ್ದೆ. ಪಕ್ಕದ ಸಾಲಿನಲ್ಲಿ ಸೆಲೀನಾ. ಅವಳ ಹಿಂದೆ, ಕಡಿದ ಕಬ್ಬನ್ನು ಟ್ರ್ಯಾಕ್ಟರಿಗೆ ಹೊರುತ್ತಾ ನಲ್ಯಾಕಾ. ಶಾಲೆಯ ಅಂಗಿಯಲ್ಲೇ ಬಂದಿದ್ದಳು, ಬೇರೆ ಅಂಗಿ ಒಗೆದು ಹಾಕಿದ್ದಳಂತೆ. ಹಿಮ್ಮಡಿಯ ಮೇಲೆ ನಡೆಯುತ್ತಾ ತಲೆಯ ಮೇಲೆ ಕಟ್ಟು ಹೊತ್ತರೆ ಹೇಗಿರುತ್ತದೆ ಅಂತ ನೀವು ಒಮ್ಮೆ ಮಾಡಿ ನೋಡಿ. ಸೆಲೀನಾ ನನ್ನನ್ನು ಬೈಯಲಿಲ್ಲ. "ಕೋಳೀನೂ ಹೋಯ್ತು, ಸೀಟೂ ಹೋಯ್ತು" ಅಂತ ಒಂದೇ ಸಲ ಅಂದಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಮಾಡಿದ್ದರಿಂದ ಆ ಮಗುವಿಗೆ ಸಿಕ್ಕಿದ್ದು ಒಂದು ಹೋಳು ರಬ್ಬರು ಅಂತ ಯೋಚಿಸುತ್ತಾ ನಾನು ಮಚ್ಚು ಬೀಸುತ್ತಿದ್ದೆ.

ಬಿಸಿಲೇರುವ ಹೊತ್ತಿಗೆ ಬಾಡಿಗೆ ಬೈಕಿನಲ್ಲಿ ಹೆಡ್ಮೇಷ್ಟ್ರು ಬಂದಿಳಿದರು. ಕಬ್ಬಿನ ಕೂಳೆಗಳ ನಡುವೆ ಮಿಂಚುವ ಶೂ ಎತ್ತೆತ್ತಿ ಇಡುತ್ತಾ ಬಂದರು.

ಪೋರ್ಟಲ್ ತೆರೆಯುತ್ತಿಲ್ಲ, ಅಂತ ಹೇಳಿದರು. ಕೋಡು ನಿನ್ನ ಫೋನಿಗೇ ಬರುತ್ತಿದೆ, ಕೊಡು ಅಂದರು. ಮಧ್ಯಾಹ್ನದೊಳಗೆ ಏರದಿದ್ದರೆ ತಮ್ಮ ಕುರ್ಚಿಗೇ ಸಂಚಕಾರ.

"ಪಟ್ಟೀಲಿ ಇಲ್ದೋಳ ಫೋನಿಗೆ ಹೆಂಗ್ ಬರುತ್ತೆ ಸರ್ ಕೋಡು? ಸರ್ಕಾರ ಅಷ್ಟು ದಡ್ಡಾನಾ?"

ಮೊದಲು ಗದರಿಸಿದರು. ನಾನು ಒಂದು ಕಬ್ಬು ಕಡಿದೆ. ಆಮೇಲೆ ಪೊಲೀಸಿನ ಹೆಸರು ಹೇಳಿದರು. ಇನ್ನೊಂದು ಕಡಿದೆ. ಆಮೇಲೆ ಅಮ್ಮ ತಾಯಿ ಅಂದರು. ಹೊಸ ಶಿಫಾರಸು ಪತ್ರ ಬರೆದುಕೊಡುತ್ತೇನೆ ಅಂದರು. ಒಂದು ಕ್ಷಣ ನನ್ನ ಮಚ್ಚು ನಿಂತಿತು, ಅದನ್ನು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ನಲ್ಯಾಕಾ ಕಟ್ಟು ಇಳಿಸಿ, ಕಾಲಿನ ಬೆರಳಿಗೆ ಉಗುಳು ಹಚ್ಚಿಕೊಳ್ಳುತ್ತಿದ್ದದ್ದು ಕಂಡಿತು.

"ಪತ್ರ ಇಟ್ಕೊಳ್ಳಿ ಸರ್. ನಲ್ಯಾಕಾಳ ಫೋಟೋ ಆಗ್ಬೇಕು. ಇಲ್ಲೇ, ಈಗ್ಲೇ. ಅವಳದ್ದು ಮೊದ್ಲು ಏರುತ್ತೆ, ಉಳ್ದೋರ್ದು ಆಮೇಲೆ."

ಸುತ್ತಲಿನ ಸಾಲುಗಳಲ್ಲಿ ಕಡಿಯುವ ಸದ್ದು ನಿಂತಿತು. ಹೆಂಗಸರು ಒಬ್ಬೊಬ್ಬರೇ ಬಂದು ನಿಂತರು. ಮಸಿ ಹಿಡಿದ ಮುಖಗಳು, ಕೈಯಲ್ಲಿ ಮಚ್ಚು.

ಹೆಡ್ಮೇಷ್ಟ್ರು ಒಪ್ಪಿದರು. ಕೋಳಿ ಎಲ್ಲಿಂದ ತರುವುದು ಅಂತ ನೋಡಿದರೆ, ಇಡೀ ಊರಿನಲ್ಲಿ ರೋಗ ಬಾರದೆ ಉಳಿದ ಇನ್ನೊಂದು ಗೂಡು ಅವರ ಮನೆಯದೇ. ಅದಕ್ಕೆ ಸಿಮೆಂಟು ಹಾಕಿಸಿ, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದರಂತೆ. ಹೆಂಡತಿಗೆ ಫೋನು ಮಾಡಿದರು. ಬೈಕಿನವನು ಹೋಗಿ ಪುಷ್ಟವಾದ ಒಂದು ಕಂದು ಹೇಂಟೆ ತಂದ. ನಲ್ಯಾಕಾ ಮುಖ ತೊಳೆದು ಅದನ್ನು ಎದೆಗೆ ಹಿಡಿದು ನಿಂತಳು. ನಾನು ಫೋನು ಎತ್ತಿದೆ.

"ಶೂ ಒಂದು ಇದ್ದಿದ್ರೆ" ಅಂದರು ಹೆಡ್ಮೇಷ್ಟ್ರು. ಆ ಹೊತ್ತಿನಲ್ಲೂ ಅಂದರು. "ಎಲ್ಲರ ಕಾಲಲ್ಲೂ ಶೂ ಇದೆ. ಇದೊಂದೇ ಬರಿಗಾಲು ಅಂದ್ರೆ ಸಾಹೇಬ್ರು ಇನ್ನೂ ಉರ್ಕೋತಾರೆ. ಶಾಲೆ ಮರ್ಯಾದೆ ಪ್ರಶ್ನೆ ಕಣಮ್ಮ."

"ಹಂಗಾದ್ರೆ ನಿಮ್ದು ಕೊಡಿ ಸರ್."

ಅವರು ನಗಲು ನೋಡಿದರು. ನನ್ನ ಮುಖ ನೋಡಿದರು, ಹೆಂಗಸರನ್ನು ನೋಡಿದರು, ಕೈಗಡಿಯಾರ ನೋಡಿದರು. ಬಗ್ಗಿ ಲೇಸು ಬಿಚ್ಚಿದರು. ಕಾಲುಚೀಲದಲ್ಲಿ ಕೂಳೆಯ ಮೇಲೆ ನಿಂತು ಹುಬ್ಬು ಗಂಟಿಕ್ಕಿದರು. ನಲ್ಯಾಕಾ ಒಂದು ಕಾಲು ಒಳಗಿಟ್ಟಳು. ಕೋಳಿ ಹಿಡಿದ ಕೈ, ಬಗ್ಗುವ ಹಾಗಿಲ್ಲ. ಬಗ್ಗಿದರೂ ಲೇಸು ಕಟ್ಟಿ ಗೊತ್ತಿಲ್ಲ.

"ನಂಗೆ ಕಟ್ಟಕ್ಕೆ ಬರಲ್ಲ ಸರ್" ಅಂದಳು.

ನಾನು ಫೋನು ಹಿಡಿದಿದ್ದೆ. ಸೆಲೀನಾ ಮಚ್ಚು ಹಿಡಿದಿದ್ದಳು. ಖಾಲಿ ಕೈ ಇದ್ದದ್ದು ಒಬ್ಬರದ್ದೇ.

ಲುಸ್ವೇತಿಯವರು ಮೊಣಕಾಲೂರಿದರು. ಮಸಿ ಬೂದಿಯ ನೆಲದ ಮೇಲೆ, ಇಸ್ತ್ರಿ ಪ್ಯಾಂಟಿನಲ್ಲಿ. ತಮ್ಮ ಶಾಲೆಯ ಮಗುವಿನ ಕಾಲನ್ನು ಅವರು ಹತ್ತಿರದಿಂದ ನೋಡಿದ್ದು ಅದೇ ಮೊದಲು ಇರಬೇಕು. ಶೂ ಹೊರಗಿದ್ದ ಇನ್ನೊಂದು ಕಾಲಿನಲ್ಲಿ ಊದಿದ ಬೆರಳುಗಳು, ಸೂಜಿಯ ತೂತುಗಳು, ಕಳಚಿದ ಉಗುರು. ಲೇಸು ಎಳೆದಾಗ ಅವಳು ಅಯ್ಯೋ ಅಂದಳು. ಅವರು ಸಡಿಲ ಬಿಟ್ಟರು. ಮತ್ತೆ ಮೆಲ್ಲಗೆ ಎಳೆದರು. ಆ ಇನ್ನೊಂದು ಕಾಲನ್ನು ಶೂ ಒಳಗೆ ಸೇರಿಸುವಾಗ ಅವರ ಕೈಬೆರಳು ಅವಳ ಕಾಲ್ಬೆರಳಿಗೆ ತಾಗದ ಹಾಗೆ ಮಾಡಲು ಎಷ್ಟು ಹೆಣಗಿದರೂ ಆಗಲಿಲ್ಲ.

ನಾನು ಆತುರಪಡಲಿಲ್ಲ. ಒಂದು ತೆಗೆದೆ, ಬೆಳಕು ಸರಿಯಿಲ್ಲ ಅಂದೆ. ಇನ್ನೊಂದು ತೆಗೆದೆ, ಕೋಳಿ ಆ ಕಡೆ ನೋಡಿತು ಅಂದೆ. ಎಡಗಾಲಿನ ಲೇಸು ಸರಿಯಾಗಿಲ್ಲ ಸರ್, ಇನ್ನೊಂದು ಸಲ ಕಟ್ಟಿ ಅಂದೆ. ಅವರು ಕಟ್ಟಿದರು.

ನಿಂತ ಜಾಗದಲ್ಲೇ ನಲ್ಯಾಕಾಳ ದಾಖಲೆ ಏರಿಸಿದೆ. ನಿರೀಕ್ಷೆ ಮೀರಿದೆ ಅಂತ ಒತ್ತಿದೆ. ಉಳಿದವರದ್ದೂ ಏರಿಸಿದೆ, ಅವರ ಮೇಲೆ ನನಗೇನು ಹಗೆ. ಕೆಲಸ ಮುಗಿದ ಮೇಲೆ ಹೆಡ್ಮೇಷ್ಟ್ರು ಎದ್ದು ಕೈ ಚಾಚಿ ಕೋಳಿ ಕೇಳಿದರು. ಸೆಲೀನಾ ಮಗಳ ಮುಂದೆ ಬಂದು ನಿಂತಳು.

"ಕೋಳಿಗೆ ಕೋಳಿ ಸರಿಹೋಯ್ತು ಸರ್. ಶೂ ಬೇಕಾದ್ರೆ ಬಿಚ್ಚುಸ್ಕೊಂಡು ಹೋಗಿ."

ಅವರು ಶೂ ನೋಡಿದರು. ಚಿಗಟ ಹೊಕ್ಕ ಕಾಲು ಹೊಕ್ಕ ಶೂ. ಕಾಲುಚೀಲದಲ್ಲೇ ಬೈಕು ಹತ್ತಿದರು.

ನನ್ನನ್ನು ಶಾಲೆಗೆ ಮತ್ತೆ ಕರೆಯಲಿಲ್ಲ. ಈಗ ವಾರವಿಡೀ ಕಬ್ಬು ಕಡಿಯುತ್ತೇನೆ. ಕೋಡು ಈಗ ಬೇರೆ ಯಾರದೋ ಫೋನಿಗೆ ಬರುತ್ತದೆ. ನಲ್ಯಾಕಾ ಹೊಳೆಯಾಚೆಯ ಶಾಲೆಯಲ್ಲಿದ್ದಾಳೆ. ನೆಲ ಸಿಮೆಂಟಿನದೇ, ಸೆಲೀನಾ ಕೈಯಿಂದ ಮುಟ್ಟಿ ನೋಡಿ ಬಂದಿದ್ದಾಳೆ. ಶೂ ಇನ್ನೂ ಅವಳ ಕಾಲಿಗೆ ದೊಡ್ಡದೇ ಅಂತೆ, ಮುಂದೆ ಬಟ್ಟೆ ತುರುಕಿಕೊಂಡು ಹಾಕುತ್ತಾಳಂತೆ.

ಆ ಫೋಟೋ ಪೋರ್ಟಲ್‌ನಲ್ಲೇ ಇದೆ. ಹುಡುಗಿ, ಕೋಳಿ, ದೊಡ್ಡ ಕಪ್ಪು ಶೂ. ಕೆಳಗೆ ಎಡಮೂಲೆಯಲ್ಲಿ, ಶೂ ಹತ್ತಿರ, ಬಗ್ಗಿದ ಒಂದು ಬೋಳುತಲೆ ಬಂದುಬಿಟ್ಟಿದೆ. ಕತ್ತರಿಸಿ ಏರಿಸಬಹುದಿತ್ತು, ಅದು ಒಂದು ನಿಮಿಷದ ಕೆಲಸ. ನಾನು ಕತ್ತರಿಸಲಿಲ್ಲ. ಸರ್ಕಾರವೂ ಏನೂ ಕೇಳದೆ ತೆಗೆದುಕೊಂಡಿತು.